ಬಡತನದ ವ್ರತ ಉಳಿಸಿಕೊಟ್ಟ ಫೋಟೊಗಳು

ಟೈಟಾನಿಕ್ ಹಡಗಿನ ಡೆಕ್ ಮೇಲೆ ಬುಗುರಿ ಆಡುವ ಹುಡುಗನ ಫೋಟೊವನ್ನು ನೀವು ಎಲ್ಲಾದರೂ ನೋಡಿರಬಹುದು. ಅದನ್ನು ತೆಗೆದವರು ಫ್ರಾನ್ಸಿಸ್ ಬ್ರೌನ್. ಆಗಿನ್ನೂ ಗುರುಪಟ್ಟ (ಪಾದ್ರಿಯ ದೀಕ್ಷೆ) ಸಿಗದ, ಓದುತ್ತಿದ್ದ ಐರಿಷ್ ಜೆಸ್ವಿಟ್, ಅಂದರೆ ಕ್ಯಾಥೊಲಿಕ್ ಚರ್ಚಿನ ಒಂದು ಸನ್ಯಾಸಿ ಸಭೆಗೆ ಸೇರಿದವರು. ಕ್ಯಾಮೆರಾ ಕೊಡಿಸಿದ್ದು ಬಿಷಪ್ ಆಗಿದ್ದ ಅವರ ತಂದೆಯ ಸಹೋದರ. ಹಡಗಿನ ಟಿಕೆಟ್ಟೂ ಅವರದೇ ಉಡುಗೊರೆ.

1912ರ ಏಪ್ರಿಲ್ 10ರಂದು ಬ್ರೌನ್ ಸೌತಾಂಪ್ಟನ್‌ನಲ್ಲಿ ಹಡಗು ಹತ್ತಿದರು. ಅಲ್ಲಿ ಪರಿಚಯವಾದ ಅಮೆರಿಕದ ದಂಪತಿ, ನ್ಯೂಯಾರ್ಕ್‌ವರೆಗೆ ಬನ್ನಿ, ಖರ್ಚು ನಮ್ಮದು ಎಂದರು. ಬ್ರೌನ್ ಅನುಮತಿ ಕೇಳಿ ತಂತಿ ಕಳಿಸಿದರು. ಮರುದಿನ ಐರ್ಲೆಂಡಿನ ಕ್ವೀನ್ಸ್‌ಟೌನ್ ಬಂದರಿನಲ್ಲಿ ಪ್ರಾವಿನ್ಶಿಯಲ್, ಅಂದರೆ ಪ್ರಾಂತ್ಯದ ಜೆಸ್ವಿಟರ ಮುಖ್ಯಸ್ಥರ, ಉತ್ತರ ಕಾದಿತ್ತು: ಆ ಹಡಗಿನಿಂದ ಇಳಿ. ಇಳಿದರು. 15ರ ನಸುಕಿನಲ್ಲಿ ಹಡಗು ಮುಳುಗಿತು. ಆ ತಂತಿಯ ಕಾಗದವನ್ನು ಅವರು ಜೀವನಪೂರ್ತಿ ಜೇಬಿನ ಪರ್ಸಿನಲ್ಲಿ ಇಟ್ಟುಕೊಂಡಿದ್ದರು.

ಬ್ರೌನ್ 1960ರಲ್ಲಿ ತೀರಿಕೊಂಡರು. ಸುಮಾರು 25 ವರ್ಷ ಅವರ ಟ್ರಂಕ್ ಮುಚ್ಚಿಯೇ ಇತ್ತು. ಮತ್ತೊಬ್ಬ ಜೆಸ್ವಿಟ್, ಫಾದರ್ ಎಡ್ಡಿ ಓಡಾನೆಲ್, ಅದನ್ನು ತೆರೆದಾಗ ಸಿಕ್ಕಿದ್ದು ಸುಮಾರು 42,000 ನೆಗೆಟಿವ್‌ಗಳು!

ಅದು ಉಳಿದಿದ್ದು ಹೇಗೆ? ಅದೃಷ್ಟ ಅಂದುಬಿಡಬಹುದು. ನನಗೆ ಕಾಣುವ ಕಾರಣ ಬೇರೆ. ಬಡತನದ ವ್ರತ ತೊಟ್ಟವರಿಗೆ ಸ್ವಂತ ಆಸ್ತಿ ಇಲ್ಲ, ಮಕ್ಕಳೂ ಇಲ್ಲ. ಅವರು ಬಿಟ್ಟುಹೋದದ್ದೆಲ್ಲ ಸಭೆಗೆ ಸೇರುತ್ತದೆ. ನಮ್ಮ ಮನೆಗಳಲ್ಲಿ ಹಿರಿಯರು ಹೋದ ಮೇಲೆ ಹಳೆ ಟಿಕೆಟ್ಟು, ರಸೀದಿ, ಯಾರದೋ ಗ್ರೂಪ್ ಫೋಟೊ ರದ್ದಿಗೆ ಹೋಗುತ್ತವೆ ಅಲ್ವಾ? ಮಠದಲ್ಲಿ ಅವು ಪೆಟ್ಟಿಗೆ ಸೇರಿ ಕಪಾಟಿನ ಮೇಲೆ ಕೂರುತ್ತವೆ. ಸಂತರ ಚಿತ್ರದ ಪುಟ್ಟ ಕಾರ್ಡು, ಗುರುಪಟ್ಟದ ಆಮಂತ್ರಣ, ಸತ್ತವರ ನೆನಪಿನ ಚೀಟಿ, ಶಾಲೆಯ ನಾಟಕದ ಕರಪತ್ರ: ಬೇರೆಲ್ಲೂ ಸಿಗದ ಚಿಲ್ಲರೆ ಕಾಗದಗಳು ಹೀಗೆ ಉಳಿದಿವೆ.

ಕಾಗದ ಕೂಡಿಡುವ ಅಭ್ಯಾಸ ಇನ್ನೂ ಹಳೆಯದು. ಜೆಸ್ವಿಟ್ ಸಭೆಗೆ ಪೋಪ್ ಒಪ್ಪಿಗೆ ಸಿಕ್ಕಿದ್ದು 1540ರಲ್ಲಿ. ಸ್ಥಾಪಕ ಸಂತ ಇಗ್ನೇಷಿಯಸ್ ಅವರ ಸುಮಾರು 7,000 ಪತ್ರಗಳು ಇವತ್ತಿಗೂ ಇವೆ. ದೂರದೂರ ಹೋದವರು ರೋಮಿಗೆ ವರದಿ ಬರೆಯಲೇಬೇಕಿತ್ತು. 1773ರಲ್ಲಿ ಪೋಪ್ ಸಭೆಯನ್ನೇ ರದ್ದು ಮಾಡಿದಾಗ ಎಷ್ಟೋ ಕಾಗದ ಚೆಲ್ಲಾಪಿಲ್ಲಿಯಾಯಿತು. 1814ರಲ್ಲಿ ಸಭೆ ಮತ್ತೆ ಹುಟ್ಟಿತು. 1839ರಲ್ಲಿ ಕ್ಯಾಮೆರಾ ಜಗತ್ತಿಗೆ ಬಂತು. ಪತ್ರದ ಜೊತೆ ಫೋಟೊ ಸೇರಿತು.

ಈ ಫೋಟೊಗಳನ್ನು ನೋಡುವಾಗ ಒಂದು ಎಚ್ಚರ ಬೇಕು. ಮಿಷನ್‌ಗಳಿಂದ ಬಂದ ಚಿತ್ರಗಳಲ್ಲಿ ಎಷ್ಟೋ ದೇಣಿಗೆ ಕೇಳುವ ಪತ್ರಿಕೆಗಳಿಗಾಗಿ ತೆಗೆದವು. ಅದಕ್ಕೇ ಸಾಲಾಗಿ ನಿಂತ ಮಕ್ಕಳು, ಅರ್ಧ ಕಟ್ಟಿದ ಚರ್ಚು, ಔಷಧಿ ಕೊಡುವ ಸಿಸ್ಟರ್ ಮತ್ತೆ ಮತ್ತೆ ಬರುತ್ತಾರೆ. ಹಿಂದೆ ತಿರುಗಿಸಿದರೆ ಪಾದ್ರಿಯ ಹೆಸರು ಇರುತ್ತದೆ. ಪಕ್ಕದಲ್ಲಿ ನಿಂತವರು ಸುಮ್ನೆ ‘ಉಪದೇಶಿ (ಧರ್ಮದ ಪಾಠ ಹೇಳಿಕೊಡುವ ಸ್ಥಳೀಯ) ಮತ್ತು ಹೆಂಡತಿ’. ಊರಿನ ಭಾಷೆ ಬಲ್ಲವರು, ಮನೆಮನೆ ನಡೆದವರು ಅವರೇ. ಹೆಸರು ಮಾತ್ರ ಇಲ್ಲ. ಇದು ನನಗೆ ನಿಜಕ್ಕೂ ನೋವು ಕೊಡುತ್ತದೆ.

ಇನ್ನೊಂದು ತೊಂದರೆ ಫಿಲ್ಮಿನದೇ. 1950ರ ಆಸುಪಾಸಿನವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮು ಹಳದಿಗಟ್ಟುತ್ತದೆ, ಅಂಟಂಟಾಗುತ್ತದೆ, ಕೊನೆಗೆ ಪುಡಿಯಾಗುತ್ತದೆ. ಬೆಂಕಿ ಹತ್ತಿದರೆ ನೀರಿನೊಳಗೂ ಆರುವುದಿಲ್ಲ. ಬ್ರೌನ್ ಅವರ ನೈಟ್ರೇಟ್ ನೆಗೆಟಿವ್‌ಗಳನ್ನು ಸುರಕ್ಷಿತ ಫಿಲ್ಮಿಗೆ ಇಳಿಸಿಕೊಳ್ಳದಿದ್ದರೆ ಇವತ್ತು ನೋಡುವುದಕ್ಕೆ ಜಾಸ್ತಿ ಏನೂ ಇರುತ್ತಿರಲಿಲ್ಲ.

ಚರ್ಚು ತನ್ನ ಕಾಗದಪತ್ರ ಕಾಪಾಡಬೇಕು ಎಂದು ವ್ಯಾಟಿಕನ್ನಿನ ಆಯೋಗವೊಂದು 1997ರಲ್ಲಿ ಪತ್ರ ಬರೆಯಿತು. 2018ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಜೆಸ್ವಿಟರ ದಾಖಲೆಗಳಿಗೆ ಹೊಸ ಕಟ್ಟಡ ತೆರೆಯಿತು. ಬೇರೆ ಬೇರೆ ಪ್ರಾಂತ್ಯಗಳ ಪೆಟ್ಟಿಗೆಗಳು ಅಲ್ಲಿ ಒಂದೇ ಸೂರಿನಡಿ ಬಂದಿವೆ. ಸಣ್ಣ ಸಭೆಗಳಿಗೆ ಅಷ್ಟು ಅನುಕೂಲ ಇಲ್ಲ. ಯುರೋಪಿನಲ್ಲೂ ಅಮೆರಿಕದಲ್ಲೂ ಸೇರುವವರು ಕಡಿಮೆಯಾಗಿ ಕಾನ್ವೆಂಟುಗಳು ಮುಚ್ಚುತ್ತಿವೆ. ಪೆಟ್ಟಿಗೆ ಎಲ್ಲಾದರೂ ಜಾಗ ಹುಡುಕಿಕೊಂಡೀತು. ಆದರೆ ಫೋಟೊದ ಎರಡನೇ ಸಾಲಿನ ಎಡಗಡೆ ನಿಂತಿರುವ ಹುಡುಗಿ ಯಾರು ಎಂದು ಹೇಳಬಲ್ಲ ಸಿಸ್ಟರಿಗೆ ಈಗ ತೊಂಬತ್ತು ದಾಟಿದೆ. ಅವರ ಪಕ್ಕ ಕೂತು, ಒಂದೊಂದೇ ಫೋಟೊ ಕೈಗಿಟ್ಟು ಕೇಳಿ, ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆಯುವ ಕೆಲಸ ಈ ವರ್ಷವೇ ಆಗಬೇಕು.