ಬಾಗಿಲ ಹಿಡಿ ಮುಟ್ಟಿ, ಕೈ ಮಾತ್ರ ತೊಳೆಯಬೇಡಿ

"ಮೇಡಂ, ನೀವು ಸಿಬಿಟಿ ಮಾಡ್ತೀರಾ?" ಮಾತಿನ ಮೂಲಕ ಮನಸ್ಸಿಗೆ ಚಿಕಿತ್ಸೆ ಕೊಡುವ ನನಗೆ ಈಚೆಗೆ ಫೋನಿನಲ್ಲಿ ಬರುವ ಮೊದಲ ಪ್ರಶ್ನೆಯೇ ಇದು. ಸಿಬಿಟಿ ಅಂದರೆ ಯೋಚನೆ, ನಡವಳಿಕೆ ಎರಡನ್ನೂ ಬದಲಿಸಲು ಕಲಿಸುವ ಚಿಕಿತ್ಸೆ. ಕೇಳೋದು ಒಳ್ಳೆಯದೇ. ಆದರೆ ಒಂದೇ ಪದ್ಧತಿಗೆ ಅಂಟಿಕೊಂಡವರು ನಮ್ಮಲ್ಲಿ ಕಡಿಮೆ. ಸಿಬಿಟಿಗೆ ದಾರಿ ಹಾಕಿದ ಅಮೆರಿಕದ ಮನೋವೈದ್ಯ ಆರನ್ ಬೆಕ್ ಕೂಡ ಮೊದಲು ಕಲಿತದ್ದು, ಮನಸ್ಸಿನ ಆಳದಲ್ಲಿ ಅಡಗಿರುವುದನ್ನು ಹುಡುಕುವ ಫ್ರಾಯ್ಡ್ ಕಡೆಯ ಮನೋವಿಶ್ಲೇಷಣೆಯನ್ನೇ. 1960ರ ದಶಕದಲ್ಲಿ, "ನನ್ನ ಕೈಲಿ ಏನೂ ಆಗಲ್ಲ" ಅನ್ನುವಂಥ ಯೋಚನೆಗಳು ಖಿನ್ನತೆ ಇರುವವರ ತಲೆಯಲ್ಲಿ ತಾವಾಗಿಯೇ ಓಡುವುದನ್ನು ಗಮನಿಸಿ, ಅವರು ಬೇರೆ ದಾರಿ ಹಿಡಿದರು.

ಅದಕ್ಕೂ ಮುಂಚೆ, 1957ರಲ್ಲೇ, ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಪದ್ಧತಿಗಿಂತ ಸಂಬಂಧವೇ ಮುಖ್ಯ ಅಂದಿದ್ದರು. ಎದುರಿಗಿರುವವರನ್ನು ಅರ್ಥ ಮಾಡಿಕೊಳ್ಳುವ ಮನಸ್ಸು, ನಾಟಕವಿಲ್ಲದ ನಡೆ, ಷರತ್ತಿಲ್ಲದ ಆದರ, ಚಿಕಿತ್ಸೆ ಕೊಡುವವರಲ್ಲಿ ಇಷ್ಟಿದ್ದರೆ ಸಾಕು ಎಂದರು. ನಾನು ಅರ್ಧ ಒಪ್ಪುತ್ತೇನೆ. ಒಂದೇ ಭಯ ಮತ್ತೆ ಮತ್ತೆ ಬಂದು ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಗೀಳು ರೋಗ, ಅಂದರೆ ಒಸಿಡಿ, ಸುಮ್ನೆ ಕೇಳಿಸಿಕೊಂಡರೆ ಹೋಗುವುದಿಲ್ಲ.

ಅದಕ್ಕೆ 1966ರಲ್ಲಿ ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ತೋರಿಸಿದ ದಾರಿ ಬೇಕು: ಭಯ ಹುಟ್ಟಿಸುವುದನ್ನು ಎದುರಿಸಬೇಕು, ಗೀಳು ಹೇಳಿದ ಕೆಲಸ ಮಾತ್ರ ಮಾಡಬಾರದು. ಕೈ ತೊಳೆಯುವ ಗೀಳಿರುವ ಹೆಣ್ಣುಮಗಳೊಬ್ಬರು ಬಂದರು ಅನ್ನಿ. ಭಯಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಬರೆದುಕೊಳ್ಳುತ್ತೇವೆ. ಬಾಗಿಲ ಹಿಡಿಯನ್ನು ಮೊದಲು ನಾನು ಮುಟ್ಟುತ್ತೇನೆ, ಆಮೇಲೆ ಅವರು. "ನೂರಕ್ಕೆ ಎಷ್ಟು ಭಯ?" "ಎಂಬತ್ತು." ನಲ್ಲಿಯ ಕಡೆ ಹೋಗುವಂತಿಲ್ಲ. ಕೂತಿರುತ್ತೇವೆ. ಮತ್ತೆ ಕೇಳಿದರೆ ಅರವತ್ತು, ಇನ್ನಷ್ಟು ಹೊತ್ತಿಗೆ ನಲವತ್ತು. ತೊಳೆಯದೆಯೂ ಭಯ ಇಳಿಯುತ್ತದೆ ಅಂತ ಅವರಿಗೇ ಗೊತ್ತಾಗುತ್ತದೆ. ಕೆಲವರಿಗೆ ಆ ಹೊತ್ತಿಗೆ ಇಳಿಯುವುದಿಲ್ಲ. ಆದರೂ ತಡೆದುಕೊಂಡೆನಲ್ಲ ಅನ್ನಿಸುತ್ತದೆ, ಅದೂ ಲಾಭವೇ. ನಂಬಿಕೆ ಬಾರದವರ ಮಾತು ಕೇಳಿ ಯಾರು ಹೀಗೆ ಕೂರುತ್ತಾರೆ? ರೋಜರ್ಸ್ ಬೇಕಾಗುವುದು ಇಲ್ಲೇ.

ಇನ್ನು ಮನೆಯವರು. ಗಂಡ ದಿನವಿಡೀ "ಕೈ ಕ್ಲೀನಾಗಿದೆ ಕಣೇ" ಅನ್ನುತ್ತಾರೆ, ಹೆಂಡತಿ ಹೆದರಬಾರದೆಂದು ಆಫೀಸಿನಿಂದ ಬಂದವರೇ ಸೀದಾ ಬಚ್ಚಲಿಗೆ ಹೋಗುತ್ತಾರೆ. ಪ್ರೀತಿಯಿಂದಲೇ, ಆದರೆ ಗೀಳು ಬೆಳೆಯುವುದೂ ಇದರಿಂದಲೇ. ಹಾಗಾಗಿ ಅವರನ್ನೂ ಒಳಗೆ ಕರೆಯುತ್ತೇನೆ. ಮನೆಯವರನ್ನು ಸೇರಿಸಿಕೊಳ್ಳುವುದು ನಮ್ಮಲ್ಲಿ ಹೊಸದಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಡೇರೆ ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡಿದ್ದರು.

ಅತ್ತೆಯವರು ಬಂದರೆ ಒಂದು ಪ್ರಶ್ನೆ ಇದ್ದದ್ದೇ: "ಹಾಗಾದ್ರೆ ಮಡಿ ಬಿಡ್ಬೇಕೇನಮ್ಮಾ?" ಬೇಡ. ಮಡಿಗೆ ಒಂದು ಕೊನೆ ಇದೆ. ಸ್ನಾನ ಆಯ್ತು, ಮಡಿ ಉಟ್ಟಾಯ್ತು, ಪೂಜೆಗೆ ಕೂತಾಯ್ತು. ಗೀಳಿಗೆ 'ಆಯ್ತು' ಅನ್ನಿಸುವುದೇ ಇಲ್ಲ. ಪೂಜೆಗೆ ಮುಂಚೆ ಎಷ್ಟು ಸಲ ಕೈ ತೊಳೆದರೆ ಸಾಕು ಅಂತ ಅತ್ತೆಯವರನ್ನೇ ಕೇಳುತ್ತೇನೆ. "ಒಂದು ಸಲ ಸಾಕಲ್ವಾ!" ಅನ್ನುತ್ತಾರೆ. ಸೊಸೆಗೆ ಮುಂದಿನ ವಾರದ ಹೋಂವರ್ಕ್ ಅದೇ.