ಸಂಬಂಧ ಹತ್ತಿರವಾದಷ್ಟೂ ಲಾಡ್ ಸ್ಕೋರ್ ಕಡಿಮೆ

‘ತಂದೆ ತಾಯಿ ದೂರದ ಸಂಬಂಧ’ ಎಂದು ಮೂಲೆಯಲ್ಲಿ ಗೀಚಿದ ವಂಶವೃಕ್ಷ ಕೈಗಿಟ್ಟು ‘ಲಾಡ್ ಎಷ್ಟು ಬರುತ್ತೆ?’ ಎಂದು ಕೇಳುವ ವೈದ್ಯರಿಗೆ, ಸಂಶೋಧನಾ ವಿದ್ಯಾರ್ಥಿಗಳಿಗೆ ಕೊನೆಯಿಲ್ಲ. ಕಾಯಿಲೆಯ ಜೀನ್ ಡಿಎನ್‌ಎಯ ಇಂಥ ಜಾಗದಲ್ಲಿದೆ ಎಂಬುದಕ್ಕೆ ಪುರಾವೆ ಎಷ್ಟು ಗಟ್ಟಿ ಎಂದು ಅಳೆಯುವ ಅಂಕವೇ ಲಾಡ್. ಎಷ್ಟು ದೂರ? ಜೀನಿನ ಎರಡೂ ಪ್ರತಿ ಕೆಟ್ಟಾಗ ಮಾತ್ರ ಬರುವ ರಿಸೆಸಿವ್ ಕಾಯಿಲೆಯಲ್ಲಿ ಇಡೀ ಲೆಕ್ಕ ನಿಂತಿರುವುದೇ ಆ ಮಾತಿನ ಮೇಲೆ.

ಹಳೇ ಮೈಸೂರಿನ ಕಡೆ ಅಕ್ಕನ ಮಗಳನ್ನು ತರುವುದೂ ಉಂಟು, ಸೋದರತ್ತೆಯ ಮಗನಿಗೆ ಕೊಡುವುದೂ ಉಂಟು. ಡಿಎನ್‌ಎಯ ಯಾವುದೇ ಜಾಗದಲ್ಲಿ ಮಗುವಿನ ಎರಡೂ ಪ್ರತಿಗಳು ಒಬ್ಬರೇ ಪೂರ್ವಜರಿಂದ ಬಂದಿರುವ ಸಾಧ್ಯತೆ ಮೊದಲನೆಯದರಲ್ಲಿ 1/8, ಎರಡನೆಯದರಲ್ಲಿ 1/16. 1987ರಲ್ಲಿ ತಳಿವಿಜ್ಞಾನಿಗಳಾದ ಲ್ಯಾಂಡರ್ ಮತ್ತು ಬಾಟ್‌ಸ್ಟೈನ್ ಮುಂದಿಟ್ಟ ತರ್ಕ ಸರಳ: ಕಾಯಿಲೆಯ ಆಲೀಲ್ (ಜೀನಿನ ಕೆಟ್ಟ ರೂಪ) ಅಪರೂಪದ್ದಾದರೆ ಆ ಜೀನ್ ಇರುವಲ್ಲಿ ಎರಡೂ ಪ್ರತಿ ಹೆಚ್ಚುಕಡಿಮೆ ಒಂದೇ ಮೂಲದವು, ಬೇರೆಡೆ ಹಾಗಾಗುವುದು, ಅತ್ತೆ ಮಗನ ಮದುವೆಯಲ್ಲಿ, 16ರಲ್ಲಿ ಒಂದು ಪಾಲು. ಹಾಗಾಗಿ ಅತ್ತೆ ಮಗನ ಮದುವೆಯ ಒಂದು ರೋಗಿ ಮಗು ಕೊಡಬಲ್ಲ ಗರಿಷ್ಠ ಲಾಡ್, 10ರ ಆಧಾರದಲ್ಲಿ 16ರ ಲಾಗ್, ಅಂದರೆ 1.2. ಅಕ್ಕನ ಮಗಳಾದರೆ 8ರ ಲಾಗ್, 0.9. ಹತ್ತಿರದ ಸಂಬಂಧವೇ ಗಟ್ಟಿ ಪುರಾವೆ ಎಂದು ನಂಬಿ ಬಂದವರಿಗೆ ಇದು ಒಪ್ಪಿಗೆಯಾಗುವುದಿಲ್ಲ. ಮೈತುಂಬ ಹೋಮೋಜೈಗಸ್ (ಎರಡೂ ಪ್ರತಿ ಒಂದೇ ಆದ) ತುಂಡುಗಳಿರುವ ಮಗುವಿನಲ್ಲಿ ಮತ್ತೊಂದು ಸಿಕ್ಕರೆ ಅದಕ್ಕೆ ಬೆಲೆ ಕಡಿಮೆಯೇ.

ಈಗ ಆ ‘ದೂರ’ವನ್ನು ಗಂಡನ ಅಜ್ಜಿ, ಹೆಂಡತಿಯ ಅಜ್ಜ ಒಡಹುಟ್ಟಿದವರು ಎಂದು ಊಹಿಸಿ ಚಿತ್ರ ಬರೆದಿರಿ ಅನ್ನಿ. 1/64, ತಂತ್ರಾಂಶ 1.8 ಕೊಡುತ್ತದೆ. ಅಂಥ ಎರಡು ಮನೆ ಕೂಡಿಸಿದರೆ 3.6, ಅಂದರೆ ಪುರಾವೆ ಸಾಕು ಎನ್ನುವ 3ರ ಗೆರೆ ದಾಟಿತು! ನಿಜದಲ್ಲಿ ಎರಡೂ ಅಕ್ಕನ ಮಗಳ ಮದುವೆಗಳಾಗಿದ್ದರೆ ಮೊತ್ತ 1.8 ಮಾತ್ರ. ಉಳಿದರ್ಧ ನಿಮ್ಮ ಪೆನ್ಸಿಲ್ಲಿನದು. ದಂಪತಿಯ ಸಂಬಂಧ ಸರಿಯಾಗಿ ಬರೆದು, ಇಬ್ಬರಿಗೂ ಸೇರಿದ ಅಜ್ಜ-ಅಜ್ಜಿಯೂ ಸೋದರಿಕೆಯವರೆಂಬುದನ್ನು ಬಿಟ್ಟರೂ ಲಾಡ್ ಹೀಗೆಯೇ ಉಬ್ಬುತ್ತದೆ.

‘ಸಂಬಂಧದಲ್ಲೇ ಮದುವೆಯೇ?’ ಎಂದು ಕೇಳಿ ಸುಮ್ಮನಾಗಬೇಡಿ. ‘ಮದುವೆಗೆ ಮುಂಚೆ ಅವರನ್ನು ಏನಂತ ಕರೀತಿದ್ರಿ ಅಮ್ಮಾ?’ ಎಂದು ಕೇಳಿ. ‘ಮಾವ’ ಎಂದರೂ ಬರೆದುಬಿಡಬೇಡಿ: ತಾಯಿಯ ದೊಡ್ಡಮ್ಮನ ಮಗನೂ ಮಾವನೇ, ಅಲ್ಲಿ 1/32. ‘ನಿಮ್ಮ ತಾಯಿ, ಅವರು ಒಂದೇ ಹೊಟ್ಟೇಲಿ ಹುಟ್ಟಿದವರಾ?’ ಎಂದು ಬಿಡಿಸಿ ಕೇಳಿ. ಮನೆಯ ಹಿರಿಯ ಹೆಂಗಸರಿಗೆ ಇದೆಲ್ಲ ಬಾಯಿಪಾಠ, ನಾವೇ ಕೇಳುವುದಿಲ್ಲ.

ಆಮೇಲೆ ಎಸ್‌ಎನ್‌ಪಿ ಚಿಪ್‌ನಲ್ಲಿ (ಡಿಎನ್‌ಎಯ ಲಕ್ಷಾಂತರ ಜಾಗಗಳನ್ನು ಒಟ್ಟಿಗೆ ಓದುವ ಪರೀಕ್ಷೆ) ಉದ್ದನೆಯ ಹೋಮೋಜೈಗಸ್ ತುಂಡುಗಳನ್ನು ಕೂಡಿಸಿ ನೋಡಿ. ಇಡೀ ಡಿಎನ್‌ಎಯಲ್ಲಿ ಅವುಗಳ ಪಾಲಿನ ಸರಾಸರಿ ನಿರೀಕ್ಷೆ 1/8ಕ್ಕೆ ಶೇ. 12.5, 1/64ಕ್ಕೆ ಶೇ. 1.6. ಮಗುವಿನಿಂದ ಮಗುವಿಗೆ ಏರುಪೇರು ಬಹಳ, ಒಂದು ಸಂಖ್ಯೆಯಿಂದಲೇ ತೀರ್ಪು ಬೇಡ. ಆದರೆ 1/64 ಎಂದು ಬರೆದ ಮನೆಯಲ್ಲಿ ಶೇ. 11 ಬಂದರೆ ಮತ್ತೆ ಆ ಅಜ್ಜಿಯ ಬಳಿಗೇ ಹೋಗಬೇಕು.

ಇನ್ನು ಒಡಹುಟ್ಟಿದವರ ರಕ್ತ. ಅದೇ ಕಾಯಿಲೆಯ ಇನ್ನೊಂದು ಮಗು ಸಿಕ್ಕರೆ ಸುಮಾರು 0.6 ಸೇರುತ್ತದೆ; ಆರೋಗ್ಯವಂತ ಮಗುವಿನಿಂದ ಹೆಚ್ಚೆಂದರೆ 0.12. ತಡವಾಗಿ ಕಾಣಿಸುವ ಕಾಯಿಲೆಯಲ್ಲಿ ಹತ್ತು ವರ್ಷದ ತಂಗಿಯನ್ನು ‘ರೋಗವಿಲ್ಲ’ ಎಂದು ಗುರುತಿಸಲೇಬೇಡಿ, ‘ಗೊತ್ತಿಲ್ಲ’ ಎಂದು ಬಿಡಿ.