ಡಿಲ್ಯಾಮಿನೇಷನ್ ಅಂದರೆ ಪದರ ಬಿಡುವುದು

ಅಡಿಕೆ ತೋಟದವರಿಗೆ ಕಾರ್ಬನ್ ಫೈಬರ್ ದೋಟಿ, ಅಂದರೆ ನೆಲದಲ್ಲಿ ನಿಂತೇ ಕೊನೆ ಕೊಯ್ಯುವ ಉದ್ದನೆ ಕೋಲು, ಗೊತ್ತೇ ಇರುತ್ತದೆ. ತೀರ್ಥಹಳ್ಳಿ ಕಡೆಯ ನಮ್ಮ ಭಾವನ ದೋಟಿ ಮಳೆಗಾಲಕ್ಕೆ ಮುಂಚೆ ಕೈಜಾರಿ ಅಂಗಳದ ಕಲ್ಲುಕಟ್ಟೆ ಮೇಲೆ ಬಿತ್ತು. ಎತ್ತಿ ಸವರಿ ನೋಡಿದರು, ಒಂದು ಗೀರು ಬಿಟ್ಟರೆ ಏನೂ ಇಲ್ಲ. ಕೊನೆಕೊಯ್ಲಿನಲ್ಲಿ ಎತ್ತಿ ನಿಲ್ಲಿಸುವಾಗ ಅದೇ ಗೀರಿನ ಹತ್ತಿರ ಲಟಕ್ ಅಂತು. "ಬಿದ್ದಾಗ ಏನೂ ಆಗಿರಲಿಲ್ಲ ಮಾರಾಯ" ಅಂದರು. ಆಗಿತ್ತು, ಕಾಣಲಿಲ್ಲ ಅಷ್ಟೆ. ಮುರಿದ ತುದಿ ನೋಡಿದರೆ ಹಳೇ ಪುಸ್ತಕದ ಹಾಳೆಗಳ ಹಾಗೆ ಪದರ ಪದರ ಬಿಟ್ಟುಕೊಂಡಿತ್ತು.

ಇದಕ್ಕೇ ಡಿಲ್ಯಾಮಿನೇಷನ್ ಅನ್ನುವುದು. ಲ್ಯಾಟಿನ್‌ನಲ್ಲಿ ಲ್ಯಾಮಿನಾ ಅಂದರೆ ತೆಳು ತಗಡು. ತೆಳು ಪದರಗಳನ್ನು ಕೂಡಿಸಿದರೆ ಲ್ಯಾಮಿನೇಷನ್, ಬಿಟ್ಟುಹೋದರೆ ಡಿಲ್ಯಾಮಿನೇಷನ್.

ದೋಟಿಯಾಗಲಿ, ಕಾರ್ಖಾನೆಯಲ್ಲಿ ಆಸಿಡ್ ತುಂಬುವ ಎಫ್‌ಆರ್‌ಪಿ (ನಾರು ಸೇರಿಸಿ ಗಟ್ಟಿ ಮಾಡಿದ ಪ್ಲಾಸ್ಟಿಕ್) ಟ್ಯಾಂಕ್ ಆಗಲಿ, ಎರಡೂ ನಾರು ಮತ್ತು ರೆಸಿನ್ ಸೇರಿಸಿ ಪದರ ಕಟ್ಟಿದ ವಸ್ತುಗಳೇ. ದೋಟಿಗೆ ಕಾರ್ಬನ್ ನಾರು, ಟ್ಯಾಂಕಿಗೆ ಹೆಚ್ಚಾಗಿ ಗಾಜಿನ ನಾರು. (ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ. ಲೈನ್ ಹತ್ತಿರ ದೋಟಿ ಎತ್ತಬೇಡಿ.) ನಾರಿನ ಉದ್ದಕ್ಕೆ ಎಳೆದರೆ ಭಾರೀ ಗಟ್ಟಿ. ಆದರೆ ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ನಾರಿಲ್ಲ, ಬರೀ ರೆಸಿನ್ನಿನ ಅಂಟು. ಏಟು ಬಿದ್ದರೆ ಮೊದಲು ಬಿಡುವುದು ಅಲ್ಲೇ. ಕಬ್ಬಿಣವಾದರೆ ನೆಗ್ಗುತ್ತದೆ, ನೆಗ್ಗಿದ್ದು ಕಾಣುತ್ತದೆ. ಇದು ಬಾಗಿ ವಾಪಸ್ ಮೊದಲಿನಂತಾಗುತ್ತದೆ. ಹೊರಗೆ ನುಣ್ಣಗೆ, ಒಳಗೆ ಬಿರುಕು. ಎಷ್ಟೋ ಸಲ ಏಟು ಬಿದ್ದ ಬದಿಗಿಂತ ಹಿಂಬದಿಯಲ್ಲೇ ಜಾಸ್ತಿ ಹಾಳಾಗಿರುತ್ತದೆ.

ಏಟೇ ಬೇಕು ಅಂತಲೂ ಇಲ್ಲ. ಮಳೆಗಾಲದ ಥಂಡಿಯಲ್ಲಿ ನಾರು ತೇವ ಹೀರಿಕೊಂಡಿದ್ದರೆ, ಅಥವಾ ಒಣಗಿದ ಹಳೇ ಪದರವನ್ನು ಉಜ್ಜಿ ಒರಟು ಮಾಡದೆ ಅದರ ಮೇಲೇ ಹೊಸ ಪದರ ಬಳಿದರೆ, ಟ್ಯಾಂಕ್ ಹುಟ್ಟುವಾಗಲೇ ಈ ರೋಗ ಹೊತ್ತುಕೊಂಡು ಹುಟ್ಟುತ್ತದೆ.

ಪದರ ಬಿಟ್ಟರೆ ಏನಾಯ್ತು, ದಪ್ಪ ಅಷ್ಟೇ ಇದೆಯಲ್ವಾ? ಹಳ್ಳದ ಸಂಕ ನೆನಪಿಸಿಕೊಳ್ಳಿ. ಎರಡು ಇಂಚು ದಪ್ಪದ ಒಂದು ಹಲಗೆ ಹಾಕುವ ಬದಲು ಒಂದಿಂಚಿನ ಎರಡನ್ನು, ಮೊಳೆ ಹೊಡೆಯದೆ, ಒಂದರ ಮೇಲೊಂದು ಇಟ್ಟು ದಾಟಿ ನೋಡಿ. ಮರ ಅಷ್ಟೇ, ಆದರೆ ನಾಲ್ಕು ಪಟ್ಟು ಬಾಗುತ್ತದೆ. ಟ್ಯಾಂಕಿನ ಗೋಡೆ ತನ್ನ ದಪ್ಪದ ಸರಿ ಮಧ್ಯಕ್ಕೆ ಪದರ ಬಿಟ್ಟರೂ ಅಲ್ಲಿ ಇದೇ ಲೆಕ್ಕ.

ಹಾಗಾದರೆ ಕಾಣದ್ದನ್ನು ಹಿಡಿಯುವುದು ಹೇಗೆ? ಹಲಸಿನಹಣ್ಣು ನೋಡುವ ಹಾಗೆ, ತಟ್ಟಿ. ಇದಕ್ಕೆ ಟ್ಯಾಪ್ ಟೆಸ್ಟ್ ಅನ್ನುತ್ತಾರೆ, ನಾಣ್ಯವೋ ಸಣ್ಣ ಸುತ್ತಿಗೆಯೋ ಸಾಕು. ಗಟ್ಟಿ ಜಾಗ ಟಣ್ ಅನ್ನುತ್ತದೆ. ಪದರ ಬಿಟ್ಟ ಕಡೆ ಮೇಲಿನ ತೆಳು ಪದರ ಒಂಚೂರು ಬಗ್ಗುತ್ತದೆ, ನಾಣ್ಯ ಅಲ್ಲಿ ಕಣ್ಣಿಗೆ ಕಾಣದಷ್ಟು ಹೊತ್ತು ಜಾಸ್ತಿ ಕೂರುತ್ತದೆ, ಅದಕ್ಕೇ ಸದ್ದು ಡಬ್ ಅಂತ ಮೊಂಡಾಗುತ್ತದೆ. ಆದರೆ ಒಂದು ಮೋಸ ಇದೆ. ದಪ್ಪ ಬದಲಾದರೂ ಸದ್ದು ಬದಲಾಗುತ್ತದೆ. ದೋಟಿಯ ಕೊಳವೆಗಳು ಒಂದರೊಳಗೊಂದು ಕೂರುವ ಜಾಗದಲ್ಲೂ, ಟ್ಯಾಂಕಿನ ಪೈಪ್ ಕೂಡುವಲ್ಲೂ ಸದ್ದು ಬೇರೆಯೇ. ಹೊಸಬರು ಅಲ್ಲೆಲ್ಲ ಚಾಕ್‌ನಲ್ಲಿ ಗುರುತು ಹಾಕಿಬಿಡುತ್ತಾರೆ! ಪಕ್ಕದ, ಅಷ್ಟೇ ದಪ್ಪದ ಒಳ್ಳೆ ಜಾಗಕ್ಕೆ ಹೋಲಿಸಿಯೇ ಕೇಳಬೇಕು. ಜೊತೆಗೆ, ದಪ್ಪ ಗೋಡೆಯಲ್ಲಿ ಆಳಕ್ಕಿಳಿದ ದೋಷ ಈ ತಟ್ಟುವಿಕೆಗೆ ಸಿಗುವುದಿಲ್ಲ.

ಬಣ್ಣ ಬಳಿಯದ ಗಾಜಿನ ನಾರಿನ ಗೋಡೆಯಾದರೆ ಒಂದು ಬದಿಯಿಂದ ಟಾರ್ಚ್ ಹಿಡಿದು ಇನ್ನೊಂದು ಬದಿಯಿಂದ ನೋಡಿದರೂ ಆಯ್ತು, ಬಿಟ್ಟ ಜಾಗ ಮಬ್ಬಾಗಿ ಕಾಣುತ್ತದೆ. ಕಪ್ಪು ಕಾರ್ಬನ್‌ಗೆ ಈ ಉಪಾಯ ನಡೆಯದು. ಅಲ್ಟ್ರಾಸೌಂಡ್ ಇದೆ, ಆದರೆ ಉಕ್ಕಿಗೆ ಬಳಸುವ ಪ್ರೋಬನ್ನೇ ತಂದು ದಪ್ಪ ಎಫ್‌ಆರ್‌ಪಿಗೆ ಇಟ್ಟರೆ ಗಾಜಿನ ನಾರು, ಸಣ್ಣ ಗುಳ್ಳೆಗಳೆಲ್ಲ ಸೇರಿ ಅಲೆಯನ್ನು ಚದುರಿಸಿಬಿಡುತ್ತವೆ. ಅದಕ್ಕೆ ಕಡಿಮೆ ಫ್ರೀಕ್ವೆನ್ಸಿ ಬೇಕು.

ನನಗೆ ಎಲ್ಲಕ್ಕಿಂತ ಇಷ್ಟ ಅಕೌಸ್ಟಿಕ್ ಎಮಿಷನ್. ಇಲ್ಲಿ ನಾವು ತಟ್ಟುವುದಿಲ್ಲ, ಟ್ಯಾಂಕೇ ಮಾತಾಡುತ್ತದೆ. ಗೋಡೆಗೆ ಸೆನ್ಸರ್ ಅಂಟಿಸಿ ನಿಧಾನಕ್ಕೆ ನೀರು ತುಂಬುತ್ತಾ, ಒಳಗೆ ಬಿರುಕು ಬೆಳೆಯುವ ಸಣ್ಣ ಸದ್ದನ್ನು ಆಲಿಸುತ್ತಾರೆ. ಲೋಹದ ಮೇಲೆ ಒಮ್ಮೆ ಹೊರಿಸಿದ ಭಾರವನ್ನು ಮತ್ತೆ ಹೊರಿಸಿದರೆ, ಆ ಹಳೇ ಭಾರ ದಾಟುವವರೆಗೆ ಅದು ಸುಮ್ಮನಿರುತ್ತದೆ ಅಂತ ಜರ್ಮನಿಯ ಜೋಸೆಫ್ ಕೈಸರ್ 1950ರಲ್ಲಿ ತೋರಿಸಿದ್ದರು. ಪೆಟ್ಟು ತಿಂದ ಎಫ್‌ಆರ್‌ಪಿ ಹಾಗಲ್ಲ, ಹಳೇ ಭಾರ ಮುಟ್ಟುವ ಮೊದಲೇ ಸದ್ದು ಮಾಡಲು ಶುರುಮಾಡುತ್ತದೆ. ಎಷ್ಟು ಬೇಗ ಶುರುವಾಯಿತು ಅನ್ನುವುದರ ಮೇಲೆ ಎಷ್ಟು ಹಾಳಾಗಿದೆ ಅಂತ ಅಂದಾಜು ಮಾಡುತ್ತಾರೆ.

ಭಾವ ಹೊಸ ದೋಟಿ ತಂದಿದ್ದಾರೆ. ಮೊನ್ನೆ ಹೋದಾಗ ಜಗಲಿಯಲ್ಲಿ ಕೂತು 5 ರೂಪಾಯಿ ನಾಣ್ಯದಿಂದ ಗೇಣುಗೇಣಿಗೆ ತಟ್ಟುತ್ತಿದ್ದರು. ಒಳಗಿಂದ ಅಕ್ಕ, "ಇವರದ್ದೊಂದು ಹೊಸ ಹುಚ್ಚು, ಕಾಪಿ ಆರಿ ಹೋಯ್ತು" ಅಂದಳು. "ಹೋಯ್, ಇಲ್ಲಿ ಬೇರೆ ಥರ ಕೇಳ್ತದೆ ನೋಡು" ಅಂತ ಭಾವ ನನ್ನ ಕರೆದರು. ನೋಡಿದರೆ ಎರಡು ಕೊಳವೆ ಸೇರುವ ಜಾಗ.